ಪಟ್ಟಿಯಲ್ಲಿ ಕಾಣದ ಆಟ

1946ನೆಯ ನವೆಂಬರ್ 1ರಂದು ಕೆನಡಾದ ಟೊರಾಂಟೊ ನಗರದಲ್ಲಿ ನಡೆದ ಬಾಸ್ಕೆಟ್‌ಬಾಲ್ ಪಂದ್ಯವನ್ನು ಎನ್.ಬಿ.ಎ. ಸಂಘದವರು ತಮ್ಮ ಮೊದಲನೆಯ ಪಂದ್ಯವೆಂದು ಎಣಿಸುತ್ತಾರೆ. ನ್ಯೂಯಾರ್ಕ್ ನಿಕರ್‌ಬಾಕರ್ಸ್ ತಂಡದವರು ಟೊರಾಂಟೊ ಹಸ್ಕೀಸ್ ತಂಡದವರನ್ನು 68-66ರಿಂದ ಸೋಲಿಸಿದರು. ಸೋತವರಲ್ಲಿ ಎಡ್ ಸಡೋವ್‌ಸ್ಕಿಗೆ 18 ಅಂಕ, ಗೆದ್ದವರಲ್ಲಿ ಲಿಯೊ ಗಾಟ್ಲೀಬನಿಗೆ 14 ಎಂದು ಪಟ್ಟಿಯಲ್ಲಿ ಉಂಟು. ಆದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಾರಿ ಹಿಡಿದವರಾರು? 1950ರವರೆಗೆ ಆ ಸಂಘದವರು ಅದರ ಲೆಕ್ಕವನ್ನೇ ಇಡಲಿಲ್ಲ. ಎದುರಾಳಿಯಿಂದ ಚೆಂಡನ್ನು ಕಸಿದುಕೊಂಡವರ ಲೆಕ್ಕವಂತೂ 1973ರಲ್ಲಿ ಮೊದಲಾಯಿತು. ಎರಡೇ ಅಂಕಗಳಿಂದ ಬಂದ ಗೆಲುವಿನಲ್ಲಿ ಇಂಥವರ ಪಾಲು ಅಲ್ಪವೆಂದು ನಾವು ಒಪ್ಪಲಾರೆವು. ಮಗಳ ಅಂಕಪಟ್ಟಿಯನ್ನು ಹಿಡಿದು ಚಿಂತೆಯಿಂದ ನಮ್ಮ ಕೋಣೆಗೆ ಬರುವ ತಾಯಿತಂದೆಗಳ ಮುಂದೆ ಈ ಹಳೆಯ ಪಟ್ಟಿಯನ್ನಿಟ್ಟು, ಇದರಲ್ಲಿ ಯಾವ ಯಾವ ಅಂಕಣಗಳಿಲ್ಲ ನೋಡಿರೆಂದು ಕೇಳಬೇಕೆಂದಿದ್ದೇವೆ.