ಬೋರ್ಡು ಬದಲಾದ ರಸ್ತೆ

ದಿಲ್ಲಿಗೆ ಬಂದು 30 ವರ್ಷದ ಮೇಲಾಯ್ತು. ಇಲ್ಲಿ ಯಾರಿಗಾದರೂ ದಾರಿ ಹೇಳಬೇಕಂದ್ರೆ ಎರಡೆರಡು ಹೆಸರು ಗೊತ್ತಿರಬೇಕು. ಕನಾಟ್ ಪ್ಲೇಸಿಗೆ 1995ರಲ್ಲೇ ರಾಜೀವ್ ಚೌಕ್ ಅಂತ ನಾಮಕರಣ ಆಗಿದೆ. ಮೆಟ್ರೋ ಸ್ಟೇಷನ್ನಿಗೆ ಆ ಹೆಸರು ಅಂಟಿಕೊಂಡಿತು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಜನಕ್ಕೆ ಈಗಲೂ ಅದು ಸಿ.ಪಿ.ಯೇ!

ಹೆಸರು ಬದಲಿಸುವುದೇ ತಪ್ಪು ಅನ್ನುವವನಲ್ಲ ನಾನು. ಬ್ರಿಟಿಷರ ಕಿಂಗ್ಸ್‌ವೇಯನ್ನು ರಾಜಪಥ ಮಾಡಿಕೊಂಡದ್ದು ಬರೀ ತರ್ಜುಮೆ. 2022ರಲ್ಲಿ ಅದು ಕರ್ತವ್ಯ ಪಥ ಆಯ್ತು. ಆಗಲಿ, ರಾಜನಿಲ್ಲದ ದೇಶಕ್ಕೆ ರಾಜಪಥ ಯಾಕೆ? 2014ರ ನವೆಂಬರ್ 1ರಂದು ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದಾಗ ಖುಷಿಪಟ್ಟವನೇ ನಾನು. ನಮ್ಮ ಬಾಯಲ್ಲಿದ್ದದ್ದೇ ಬೋರ್ಡಿಗೂ ಬಂತು. ಅದೇ ದಿನ ನಮ್ಮ ಬಿಜಾಪುರ ವಿಜಯಪುರ ಆಯ್ತು. ನಮ್ಮವ್ವ ಮಾತ್ರ ಫೋನಿನಲ್ಲಿ "ಬಿಜಾಪುರಕ್ಕ ಯಾವಾಗ ಬರ್ತೀಯಪಾ?" ಅಂತಲೇ ಕೇಳೋದು.

ನನಗೆ ಚುಚ್ಚಿದ್ದು 2015ರಲ್ಲಿ ಔರಂಗಜೇಬ್ ರಸ್ತೆ ಅಬ್ದುಲ್ ಕಲಾಂ ರಸ್ತೆ ಆದದ್ದು. ಔರಂಗಜೇಬನ ಮೇಲೆ ನನಗೇನು ಪ್ರೀತಿ? 1686ರಲ್ಲಿ ನಮ್ಮೂರಿನ ಕೋಟೆ ಹಿಡಿದು ಆದಿಲಶಾಹಿಯನ್ನು ಮುಗಿಸಿದವನು ಅವನೇ. (ಅಂದ್ರೆ ನಮ್ಮೂರಲ್ಲಿ ಅವನು ನುಂಗಿದ್ದು ಒಬ್ಬ ಮುಸ್ಲಿಂ ದೊರೆಯ ರಾಜ್ಯ. ಟಿವಿ ಚರ್ಚೆಯಲ್ಲಿ ಇದೆಲ್ಲ ಬರಲ್ಲ ಬಿಡಿ.) ಕಲಾಂ ಅವರ ಹೆಸರನ್ನು ಹತ್ತು ರಸ್ತೆಗೆ ಇಟ್ಟರೂ ಕಡಿಮೆಯೇ. ಆದರೆ ಅದೇ ರಸ್ತೆ ಯಾಕೆ? 2017ರಲ್ಲಿ ಡಾಲ್‌ಹೌಸಿ ರಸ್ತೆಗೆ ದಾರಾ ಶಿಕೋ ಹೆಸರು ಬಂತು. ಔರಂಗಜೇಬ ಕೊಲ್ಲಿಸಿದ ಅಣ್ಣ ಈ ದಾರಾ. ಎರಡೂ ಬೋರ್ಡು ಕೂಡಿಸಿ ಓದಿದರೆ ಕೇಳಿಸೋದು ಒಂದೇ ಮಾತು: ಒಳ್ಳೆ ಮುಸ್ಲಿಂ ಅಂದ್ರೆ ಇಂಥವರು, ಕೆಟ್ಟವರು ಅಂಥವರು. ಅಲ್ಲೇ ಅಶೋಕ ರಸ್ತೆಯೂ ಇದೆ. ಕಳಿಂಗದ ಲೆಕ್ಕ ಯಾರೂ ಕೇಳಲ್ಲ, ಆ ಹೆಣಗಳಿಗೆ ನನ್ನಂಥವನನ್ನು ಯಾರೂ ಹೊಣೆ ಮಾಡಲ್ಲ.

ಆಗ ನಮ್ಮ ಆಫೀಸಿನಲ್ಲಿ ಹಳೇ ದಿಲ್ಲಿಯ ಗೆಳೆಯನೊಬ್ಬ ಇದ್ದ, ಮುಸ್ಲಿಂ. ಆ ವಾರ ಟೀ ಕುಡಿಯುತ್ತಾ ನಗುತ್ತಲೇ ಅಂದ: "ಕಲಾಂ ಸಾಹೇಬರು ರಾಕೆಟ್ ಹಾರಿಸಿದರು. ನಾನು ಬರೀ ಬಿಲ್ ಪಾಸ್ ಮಾಡೋನು. ನನ್ನನ್ನ ಯಾವ ರಸ್ತೆಗೆ ಸೇರಿಸ್ತೀರಪ್ಪಾ?" ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅವನು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2023ರಲ್ಲಿ ಔರಂಗಜೇಬ್ ಲೇನ್ ಕೂಡ ಕಲಾಂ ಲೇನ್ ಆದ ದಿನ ಅವನಿಗೊಂದು ಫೋನ್ ಮಾಡೋಣ ಅನ್ನಿಸಿತು. ನಂಬರ್ ತೆಗೆದೆ... ಮಾಡಲಿಲ್ಲ.