ಕೋಟೆಯೂ ಕಾಲವೂ

ಕಳೆದ ಬೇಸಗೆಯ ರಜದಲ್ಲಿ ಮೊಮ್ಮಗನನ್ನು ಕರೆದುಕೊಂಡು ನಂಜನಗೂಡಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆನು. ವಾಯವ್ಯ ಮೂಲೆಯ ಕೋಟೆಗೋಡೆಯ ಬಳಿ ನಿಂತು, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದ ಕಾವೇರಿಯನ್ನು ನೋಡಿದ ಆ ಹುಡುಗನು, “ತಾತ, ಈ ನೀರನ್ನು ನಾನೇ ದಾಟಬಲ್ಲೆ. ಇದನ್ನು ನಂಬಿ ಕೋಟೆ ಕಟ್ಟಿದವರು ಬುದ್ಧಿವಂತರೆ?” ಎಂದು ಕೇಳಿದನು. ಬಹುಕಾಲ ಪಾಠ ಹೇಳಿದ ನನಗೆ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದೆನು.

ಆ ಗ್ರಂಥವು ಲೋಕಕ್ಕೆ ಮರಳಿ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ವಾಚಕರಿಗೆ ತಿಳಿದಿರಬಹುದು. ಶಾಮಶಾಸ್ತ್ರಿಗಳು 1905ರಲ್ಲಿ ಅದರ ಓಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ದುರ್ಗಗಳು ನಾಲ್ಕು ವಿಧ: ಔದಕ, ಪಾರ್ವತ, ಧಾನ್ವನ, ವನದುರ್ಗ. ನೀರಿನಿಂದ ಸುತ್ತುವರಿದ ದ್ವೀಪವು ಔದಕ. ಶ್ರೀರಂಗಪಟ್ಟಣವು ಆ ಜಾತಿಯದು. ರಾಜಧಾನಿಯ ಸುತ್ತ 14, 12, 10 ದಂಡಗಳ ಅಗಲದ ಮೂರು ಕಂದಕಗಳಿರಬೇಕು. ದಂಡವೆಂದರೆ ಸುಮಾರು ಒಂದು ಮಾರು. ತೋಡಿದ ಮಣ್ಣಿನಿಂದಲೇ ಒಡ್ಡು ಹಾಕಿ, ಆನೆ ಎತ್ತುಗಳಿಂದ ತುಳಿಸಿ, ಮುಳ್ಳುಗಿಡಗಳನ್ನೂ ವಿಷಬಳ್ಳಿಗಳನ್ನೂ ಬೆಳೆಸಬೇಕು. ಪ್ರಾಕಾರವನ್ನು ಮರದಿಂದ ಕಟ್ಟಕೂಡದು; ಮರದಲ್ಲಿ ಅಗ್ನಿಯು ಹೊಂಚುಹಾಕಿರುತ್ತಾನೆ.

ಇವುಗಳಲ್ಲಿ ಯಾವುದೊಂದೂ ಶತ್ರುವನ್ನು ಎಂದೆಂದಿಗೂ ತಡೆಯಲಾರದು. ಒಂದೊಂದೂ ಅವನನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಕೋಟೆಯು ಸಂಪಾದಿಸಿಕೊಡುವುದು ಕಾಲವನ್ನು. ಕಾಲ ಒದಗಿದರೆ ಮಳೆ ಬಂದೀತು, ಹಗೆಯ ಬುತ್ತಿ ಮುಗಿದೀತು. ಮೃಗಶಿರೆಯ ಮಳೆ ಹಿಡಿದ ಮೇಲೆ ಕಪಿಲೆಯು ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುವುದನ್ನು ನಂಜನಗೂಡಿನವರು ಕಂಡವರೇ. ಅಣೆಕಟ್ಟುಗಳಿಲ್ಲದ ಅಂದಿನ ದಿನಗಳಲ್ಲಿ ಪಟ್ಟಣದ ಕಾವೇರಿಯೂ ಹಾಗೆಯೇ ಏರುತ್ತಿದ್ದಳು.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಪಟ್ಟಣದ ಸಮೀಪದವರೆಗೆ ಬಂದು, ಅರಕೆರೆಯ ಬಳಿ ಯುದ್ಧದಲ್ಲಿ ಗೆದ್ದನು. ಆದರೆ ಮಳೆ ಹಿಡಿಯಿತು, ಎತ್ತುಗಳು ಸತ್ತವು, ಧಾನ್ಯ ಮುಗಿಯಿತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದನು. ಎಂಟು ವರ್ಷಗಳ ಮೇಲೆ, ಅದೇ ಮೇ ತಿಂಗಳಲ್ಲಿ, ಹ್ಯಾರಿಸನ ಫಿರಂಗಿಗಳು ವಾಯವ್ಯ ಮೂಲೆಯ ಬಳಿ ಗೋಡೆಯನ್ನು ಒಡೆದವು. 1799ರ ಮೇ 4ರ ಮಧ್ಯಾಹ್ನ, ಬೇಸಗೆಯ ನೀರಿನಲ್ಲಿ ಕಾಲೂರಿ ಅವನ ಸೈನಿಕರು ನದಿಯನ್ನು ದಾಟಿದರು. ಒಳಗಿನ ಕಂದಕವು ಅವರನ್ನು ಕ್ಷಣಕಾಲ ತಡೆಯಿತು. ಸಂಜೆಯೊಳಗೆ ಕೋಟೆ ಬಿದ್ದಿತು, ಟಿಪ್ಪುವೂ ಮಡಿದನು. ನದಿಯು ತುಂಬಲು ಇನ್ನು ಕೆಲವು ವಾರಗಳಷ್ಟೇ ಉಳಿದಿದ್ದವು.

ಇಷ್ಟು ವರ್ಷ ನಾನು ಮಕ್ಕಳಿಗೆ ಗೋಡೆಗಳ ಎತ್ತರವನ್ನು ಹೇಳಿದೆನೇ ಹೊರತು ತಿಥಿ ಮಳೆಗಳ ಲೆಕ್ಕವನ್ನು ಹೇಳಲಿಲ್ಲ. “ನೋಡಪ್ಪ, ಕಟ್ಟಿದವರು ಬುದ್ಧಿವಂತರೇ. ಆದರೆ ನದಿಯೆಂಬ ಕಾವಲುಗಾರನು ವರ್ಷದಲ್ಲಿ ಕೆಲವು ತಿಂಗಳು ನಿದ್ರಿಸುತ್ತಾನೆ, ಆಗ ಮನುಷ್ಯನೇ ಎಚ್ಚರವಾಗಿರಬೇಕು” ಎಂದೆನು. ಅವನು ಸೂರಿನ ಕಡೆ ಕೈ ತೋರಿಸಿ, “ಹಾಗಾದರೆ ನಮ್ಮ ಹೆಂಚಿಗೆ ಕೈಯಾಡಿಸುವುದು ಯಾವಾಗ, ತಾತ?” ಎಂದನು. ಮರುದಿನವೇ ಆಳನ್ನು ಕರೆಸಿದೆನು.