ವಾಲಿದ ಜೀಪು, ಜಾರಿದ ಜಾಗ

ಆರ್.ಟಿ. ನಗರದ ರಸ್ತೆಯೊಂದರಲ್ಲಿ, ನೆತ್ತಿಯ ಮೇಲೆ ಅಣಬೆಯಂಥ ಆಂಟೆನಾ ಹೊತ್ತ ಸರ್ವೆ ಜೀಪೊಂದು ನಿಂತಿದೆ ಎಂದುಕೊಳ್ಳಿ. ಚಾಲಕ ನಾಲ್ಕೂ ಚಕ್ರಗಳ ಬಳಿ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ. ಯಂತ್ರ ನೋಡಿ ಏನೋ ಬರೆದುಕೊಳ್ಳುತ್ತಾನೆ. ಆಮೇಲೆ ಜೀಪನ್ನು ತಿರುಗಿಸಿ, ಮುಂಭಾಗವಿದ್ದಲ್ಲಿ ಹಿಂಭಾಗ ಬರುವಂತೆ ಅದೇ ಗುರುತುಗಳ ಮೇಲೆ ನಿಲ್ಲಿಸಿ ಮತ್ತೆ ಬರೆದುಕೊಳ್ಳುತ್ತಾನೆ. ದಾರಿಹೋಕರಿಗೆ ಇದು ಹುಚ್ಚಾಟದಂತೆ ಕಂಡೀತು. ಆದರೆ ಇದರ ಹಿಂದೆ ಸೊಗಸಾದ ಲೆಕ್ಕವಿದೆ.

ಉಪಗ್ರಹಗಳ ಸಂಕೇತದಿಂದ ಗೊತ್ತಾಗುವುದು ಆಂಟೆನಾ ಇರುವ ಜಾಗ. ಚಕ್ರದ ಕೆಳಗಿನ ನೆಲವಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಗೆ ಅಂಚಿನತ್ತ ಇಳಿಜಾರು ಕೊಟ್ಟಿರುತ್ತಾರೆ. ಅದು ನೂರಕ್ಕೆ 2.5ರಷ್ಟಿದ್ದರೆ, 3 ಮೀಟರ್ ಎತ್ತರದ ಆಂಟೆನಾ ಸುಮಾರು 7.5 ಸೆಂಟಿಮೀಟರ್ ಪಕ್ಕಕ್ಕೆ ವಾಲುತ್ತದೆ. ನೆಲದ ಮೇಲಿನ ಆಧಾರ ಕೇಂದ್ರದ ನೆರವು ಪಡೆದ ಗ್ರಾಹಕ ಎರಡು ಮೂರು ಸೆಂಟಿಮೀಟರಿನಷ್ಟು ನಿಖರವಾಗಿ ಜಾಗ ಹೇಳಬಲ್ಲದು. ವಾಲುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ನಿಖರತೆಯೆಲ್ಲ ವ್ಯರ್ಥ.

ಅದಕ್ಕಾಗಿಯೇ ವಾಲು ಸಂವೇದಕ. ಗುರುತ್ವ ಯಾವ ಕಡೆ ಎಳೆಯುತ್ತಿದೆ ಎಂದು ನೋಡಿ ಅದು ಕೋನ ಹೇಳುತ್ತದೆ. ಆದರೆ ಅದನ್ನೇ ತುಸು ಸೊಟ್ಟಗೆ ಕೂರಿಸಿದ್ದರೆ? ಒಂದೇ ಡಿಗ್ರಿ ತಪ್ಪಿದರೂ 5 ಸೆಂಟಿಮೀಟರ್ ವ್ಯತ್ಯಾಸ. ಬಿತ್ತನೆಯ ಟ್ರ್ಯಾಕ್ಟರಾದರೆ ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಜಾರುತ್ತದೆ. ಸಾಲುಗಳ ನಡುವೆ 10 ಸೆಂಟಿಮೀಟರ್ ಏರುಪೇರು. ಮುಂದೆ ಕಳೆ ತೆಗೆಯುವ ಕುಂಟೆ ಬೆಳೆಯನ್ನೇ ಕಿತ್ತೀತು!

ಇದಕ್ಕೆ ಮದ್ದು ಗಾರೆ ಕೆಲಸದವರಿಗೆ ಗೊತ್ತಿರುವಂಥದ್ದೇ. ರಸಮಟ್ಟ ಸರಿಯಿದೆಯೇ ಎಂದು ನೋಡಲು ಅದನ್ನು ಅದೇ ಜಾಗದಲ್ಲಿ ತುದಿ ಬದಲಿಸಿ ಇಡುತ್ತಾರೆ. ಜೀಪು ತಿರುಗಿದಾಗ ನೆಲದ ಇಳಿಜಾರಿನ ಚಿಹ್ನೆ ಬದಲಾಗುತ್ತದೆ. ಸಂವೇದಕದ ದೋಷ ಮಾತ್ರ ಜೀಪಿನ ಜೊತೆಗೇ ತಿರುಗಿ ಹಾಗೆಯೇ ಉಳಿಯುತ್ತದೆ. ಮೊದಲ ಸಲ 1.4 ಡಿಗ್ರಿ, ತಿರುಗಿಸಿದಾಗ ಮೈನಸ್ 0.6 ಡಿಗ್ರಿ ಬಂತೆನ್ನಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.4: ಅದು ಸಂವೇದಕದ ದೋಷ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ 1.0: ಅದು ನೆಲದ ನಿಜವಾದ ಇಳಿಜಾರು. ಮಟ್ಟಸವಾದ ನೆಲವೇ ಬೇಕೆಂದಿಲ್ಲ! ಆದರೆ ಜೀಪು ಅಲುಗಬಾರದು, ಟೈರುಗಳ ಗಾಳಿ ಸರಿಯಿರಬೇಕು, ನಡುವೆ ಯಾರೂ ಹತ್ತಿ ಇಳಿಯಬಾರದು.

ವಾಲುವಿಕೆಯ ಚಿಂತೆ ಈ ಊರಿಗೆ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆ ಅಳೆದಾಗ, ನೆಲದ ಏರಿಳಿತವನ್ನು ಕಳೆದು ಸಮತಲದ ಉದ್ದಕ್ಕೆ ತರಬೇಕಾಗಿತ್ತು.

ಮಕ್ಕಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಅಪ್ಪನದೋ ಅಮ್ಮನದೋ ಮೊಬೈಲಿನಲ್ಲಿ ಮಟ್ಟ ತೋರಿಸುವ ಆ್ಯಪ್ ತೆರೆದು ಮೇಜಿನ ಮೇಲಿಡಿ. ಅಂಕಿ ಬರೆದುಕೊಳ್ಳಿ. ಅದೇ ಜಾಗದಲ್ಲಿ ಅರ್ಧ ಸುತ್ತು ತಿರುಗಿಸಿ ಮತ್ತೆ ಬರೆದುಕೊಳ್ಳಿ. ಕ್ಯಾಮೆರಾದ ಉಬ್ಬಿನಿಂದ ಬಂದ ಓರೆಯೂ ಸೇರಿ ಮೊಬೈಲಿನ ದೋಷವೆಷ್ಟು, ಮೇಜಿನ ಇಳಿಜಾರೆಷ್ಟು ಎಂಬುದು ಬೇರೆ ಬೇರೆಯಾಗಿ ಸಿಗುತ್ತದೆ. ಯಂತ್ರ ಹೇಳಿದ್ದನ್ನು ನಂಬುವ ಮುನ್ನ, ಅದನ್ನೊಮ್ಮೆ ತಿರುಗಿಸಿಟ್ಟು ಕೇಳುವುದು ಒಳ್ಳೆಯದು.